ಬ್ರೇಕಿನ ಪೆಡಲು ಮೆತ್ತಗಾಗುವುದೇಕೆ?

ಓಡುತ್ತಿರುವ ಮೋಟಾರು ಗಾಡಿಯನ್ನು ನಿಲ್ಲಿಸುವ ಕಾರ್ಯವು ಅದನ್ನು ಓಡಿಸುವ ಕಾರ್ಯಕ್ಕಿಂತ ಯಾವ ವಿಧದಲ್ಲಿಯೂ ಕಡಮೆಯದಲ್ಲ. ಎಂಜಿನ್ನು ಕೆಟ್ಟರೆ ಗಾಡಿ ದಾರಿಯಲ್ಲಿ ನಿಂತುಬಿಡುತ್ತದೆ. ನಷ್ಟವಾಗುವುದು ಹೊತ್ತು ಮತ್ತು ಹಣ. ಬ್ರೇಕು ಕೆಟ್ಟರೆ ಗಾಡಿ ನಿಲ್ಲುವುದೇ ಇಲ್ಲ. ಆಗ ಹೋಗುವುದು ಪ್ರಾಣ. ಅದೂ ಗಾಡಿಯೊಳಗೆ ಕುಳಿತವರದೇ ಆಗಬೇಕೆಂದಿಲ್ಲ, ದಾರಿಯ ಅಂಚಿನಲ್ಲಿ ನಡೆದು ಹೋಗುತ್ತಿದ್ದವರದೂ ಆಗಬಹುದು.

ಸವೆದ ಪ್ಯಾಡುಗಳನ್ನು ತೆಗೆದು ಹೊಸವನ್ನು ಹಾಕುವುದು, ಸೋರುವ ರಬ್ಬರುಗಳನ್ನು ಬದಲಾಯಿಸುವುದು, ಹಳೆಯ ಬ್ರೇಕ್ ಆಯಿಲನ್ನು ತೆಗೆದು ಹೊಸದನ್ನು ತುಂಬುವುದು, ಇಂಥ ಕೆಲಸಗಳನ್ನು ಮನೆಯ ಅಂಗಳದಲ್ಲಿ ತಾವೇ ಮಾಡಿಕೊಳ್ಳುವವರು ಹಲವರಿದ್ದಾರೆ. ಹೊರನೋಟಕ್ಕೆ ಕೆಲಸ ಕಷ್ಟದ್ದಲ್ಲ. ನಾಲ್ಕಾರು ಸ್ಪಾನರುಗಳು, ಒಂದು ಜಾಕು, ಸ್ವಲ್ಪ ತಾಳ್ಮೆ ಇದ್ದರೆ ಸಾಕೆನಿಸುತ್ತದೆ. ಆದರೆ ಎಲ್ಲವನ್ನೂ ಜೋಡಿಸಿ ಮುಗಿಸಿ ಪೆಡಲನ್ನು ತುಳಿದಾಗ ಮೊದಲಿದ್ದ ಬಿಗಿ ಕಾಣದೆ, ಹತ್ತಿಯ ದಿಂಬಿನ ಮೇಲೆ ಕಾಲಿಟ್ಟಂತೆ ಅದು ಮೆತ್ತಗೆ ಇಳಿಯುವುದುಂಟು, ನೆಲದವರೆಗೂ ಹೋಗುವುದುಂಟು, ಇಲ್ಲವೆ ಕಲ್ಲಿನಂತೆ ಗಟ್ಟಿಯಾಗಿ ನಿಲ್ಲುವುದೂ ಉಂಟು.

ಪೆಡಲು ಕಾಲಿಗೆ ಕೊಡುವ ಈ ಅನುಭವವನ್ನು ಬರಿಯ ಭಾವನೆಯೆಂದು ತಳ್ಳಿಹಾಕುವಂತಿಲ್ಲ. ಎಷ್ಟು ಬಲಕ್ಕೆ ಪೆಡಲು ಎಷ್ಟು ದೂರ ಇಳಿಯಿತು ಎಂಬುದೇ ಆ ಅನುಭವದ ತಿರುಳು. ಅದು ಪ್ರಯೋಗಶಾಲೆಯಲ್ಲಿ ನಾವು ಮಾಡುವ ಅಳತೆಯಂತೆಯೇ ಒಂದು ಅಳತೆ. ಪ್ರೌಢಶಾಲೆಯಲ್ಲಿ ಕಲಿಯುವ ಎರಡು ನಿಯಮಗಳು ಗೊತ್ತಿದ್ದರೆ ಈ ಅಳತೆಯಿಂದ ದೋಷದ ನೆಲೆಯನ್ನು ಊಹಿಸಬಹುದು. ಅದು ಹೇಗೆಂಬುದನ್ನು ಈ ಲೇಖನದಲ್ಲಿ ವಿಚಾರಿಸೋಣ.

ಎರಡು ನಿಯಮಗಳು

ಮುಚ್ಚಿದ ಪಾತ್ರೆಯಲ್ಲಿರುವ ದ್ರವದ ಒಂದು ಭಾಗದ ಮೇಲೆ ಒತ್ತಡ ಹೇರಿದರೆ ಅದು ದ್ರವದ ಎಲ್ಲ ಭಾಗಗಳಿಗೂ ಎಲ್ಲ ದಿಕ್ಕುಗಳಲ್ಲಿಯೂ ಕುಂದಿಲ್ಲದೆ ಹರಡುತ್ತದೆಂಬುದು ಪಾಸ್ಕಲನ ನಿಯಮ. ಫ್ರಾನ್ಸಿನ ಬ್ಲೇಸ್ ಪಾಸ್ಕಲನು 1662ರಲ್ಲಿ ತೀರಿಕೊಂಡನು. ದ್ರವಗಳ ಸಮತೋಲವನ್ನು ಕುರಿತ ಅವನ ಗ್ರಂಥ ಮರುವರ್ಷ, 1663ರಲ್ಲಿ, ಪ್ರಕಟವಾಯಿತು. ಉಷ್ಣತೆ ಬದಲಾಗದಿರುವಾಗ ಅನಿಲದ ಮೇಲಿನ ಒತ್ತಡ ಹೆಚ್ಚಿದಷ್ಟೂ ಅದರ ಗಾತ್ರ ಅದೇ ಪ್ರಮಾಣದಲ್ಲಿ ಕುಗ್ಗುತ್ತದೆಂಬ ನಿಯಮವನ್ನು ರಾಬರ್ಟ್ ಬಾಯ್ಲನು ಪ್ರಕಟಿಸಿದ್ದು ಅದೇ 1662ರಲ್ಲಿ. ಬ್ರೇಕಿನ ನಳಿಗೆಗಳಲ್ಲಿ ಶುದ್ಧ ದ್ರವವೇ ತುಂಬಿದ್ದಾಗ ಪೆಡಲು ಪಾಸ್ಕಲನ ನಿಯಮಕ್ಕೆ ನಡೆಯುತ್ತದೆ. ನಡುವೆ ಗಾಳಿ ಹೊಕ್ಕರೆ ಬಾಯ್ಲನ ನಿಯಮವೂ ಜೊತೆಗೆ ಸೇರುತ್ತದೆ. ಮೆತ್ತಗಿನ ಪೆಡಲಿನ ರಹಸ್ಯದ ಬಹುಪಾಲು ಇಷ್ಟೆ.

ಪಾಸ್ಕಲನ ನಿಯಮವನ್ನು ಆಧರಿಸಿದ ಒತ್ತುಯಂತ್ರಕ್ಕೆ ಇಂಗ್ಲೆಂಡಿನ ಜೋಸೆಫ್ ಬ್ರಾಮಾ 1795ರಲ್ಲಿ ಪೇಟೆಂಟು ಪಡೆದನು. ಮೋಟಾರಿನ ಬ್ರೇಕಿಗೆ ಅದೇ ತತ್ತ್ವ ಬಂದದ್ದು ಬಹಳ ತಡವಾಗಿ. 1921ರಲ್ಲಿ ಅಮೆರಿಕದ ಡ್ಯೂಸೆನ್‌ಬರ್ಗ್ ಕಾರಿನ ನಾಲ್ಕು ಚಕ್ರಗಳಿಗೂ ದ್ರವದ ಬ್ರೇಕುಗಳನ್ನು ಅಳವಡಿಸಲಾಯಿತು. ಅದಕ್ಕೆ ಮುಂಚೆ ಸರಳುಗಳೂ ತಂತಿಗಳೂ ಆ ಕೆಲಸ ಮಾಡುತ್ತಿದ್ದವು. ನಾಲ್ಕು ಚಕ್ರಗಳ ತಂತಿಗಳನ್ನು ಒಂದೇ ಬಿಗಿಗೆ ತರುವುದು ದುಸ್ಸಾಧ್ಯ. ದ್ರವವಾದರೋ ತಾನಾಗಿಯೇ ಎಲ್ಲೆಡೆಯೂ ಒಂದೇ ಒತ್ತಡವನ್ನು ಒಯ್ಯುತ್ತದೆ.

ಕಾಲಿನಿಂದ ಚಕ್ರದವರೆಗೆ

ಪೆಡಲು ಒಂದು ಸನ್ನೆ. ಅದರ ಮೇಲ್ತುದಿಯ ಹತ್ತಿರ ಒಂದು ದಬ್ಬುಸರಳು ಮಾಸ್ಟರ್ ಸಿಲಿಂಡರಿನೊಳಗಿನ ಪಿಸ್ಟನ್ನನ್ನು ದಬ್ಬುತ್ತದೆ. ಪಿಸ್ಟನ್ನಿನ ಮುಂದೆ ರಬ್ಬರಿನ ಕಪ್ಪು ಇದೆ. ಅದು ದ್ರವವನ್ನು ಹಿಂದಕ್ಕೆ ಸೋರಗೊಡದೆ ತಡೆಯುತ್ತದೆ. ಸಿಲಿಂಡರಿನ ಮೇಲೆ ದ್ರವದ ಡಬ್ಬಿ. ಪೆಡಲು ಪೂರ್ಣ ಮೇಲಿರುವಾಗ ಒಂದು ಸಣ್ಣ ರಂಧ್ರದ ಮೂಲಕ ಡಬ್ಬಿಗೂ ಸಿಲಿಂಡರಿಗೂ ಸಂಪರ್ಕವಿರುತ್ತದೆ; ಪೆಡಲು ತುಸು ಇಳಿದೊಡನೆ ಕಪ್ಪು ಆ ರಂಧ್ರವನ್ನು ದಾಟಿ ಮುಚ್ಚುತ್ತದೆ. ಅಲ್ಲಿಂದ ಮುಂದೆ ದ್ರವ ಬಂದಿ. ನಳಿಗೆಗಳ ಮೂಲಕ ಒತ್ತಡ ಚಕ್ರಗಳನ್ನು ಸೇರುತ್ತದೆ. ಇಂದಿನ ಸಣ್ಣ ಕಾರುಗಳಲ್ಲಿ ಸಾಮಾನ್ಯವಾಗಿ ಮುಂದಿನ ಚಕ್ರಗಳಿಗೆ ಡಿಸ್ಕು ಬ್ರೇಕು, ಹಿಂದಿನವಕ್ಕೆ ಡ್ರಮ್ಮು ಬ್ರೇಕು. 2014ರಲ್ಲಿ ತಯಾರಿಕೆ ನಿಂತ ಅಂಬಾಸಡರ್ ಕಾರಿನ ಹಳೆಯ ಮಾದರಿಗಳಲ್ಲಿ ನಾಲ್ಕಕ್ಕೂ ಡ್ರಮ್ಮುಗಳೇ ಇದ್ದವು.

ಒಂದು ಲೆಕ್ಕ ಮಾಡೋಣ. ಸನ್ನೆಯ ಲಾಭ 5 ಎಂದೂ ಮಾಸ್ಟರ್ ಸಿಲಿಂಡರಿನ ವ್ಯಾಸ 2 ಸೆಂಟಿಮೀಟರು ಎಂದೂ ಇಟ್ಟುಕೊಳ್ಳೋಣ. ಕಾಲು 20 ಕಿಲೋಗ್ರಾಂ ತೂಕದಷ್ಟು ಬಲ ಹಾಕಿದರೆ ಪಿಸ್ಟನ್ನಿನ ಮೇಲೆ ಬೀಳುವುದು 100 ಕಿಲೋಗ್ರಾಂ. ಪಿಸ್ಟನ್ನಿನ ವಿಸ್ತೀರ್ಣ 3.14 ಚದರ ಸೆಂಟಿಮೀಟರು. ಆದುದರಿಂದ ದ್ರವದಲ್ಲಿ ಉಂಟಾಗುವ ಒತ್ತಡ ಚದರ ಸೆಂಟಿಮೀಟರಿಗೆ ಸುಮಾರು 32 ಕಿಲೋಗ್ರಾಂ, ಎಂದರೆ ಸ್ಥೂಲವಾಗಿ ವಾಯುಮಂಡಲದ ಒತ್ತಡದ 32ರಷ್ಟು. ಮುಂದಿನ ಚಕ್ರದ ಕ್ಯಾಲಿಪರಿನಲ್ಲಿ 5 ಸೆಂಟಿಮೀಟರು ವ್ಯಾಸದ ಪಿಸ್ಟನ್ನಿದ್ದರೆ ಅದರ ವಿಸ್ತೀರ್ಣ 19.6 ಚದರ ಸೆಂಟಿಮೀಟರು. ಅದು ಪ್ಯಾಡನ್ನು ಡಿಸ್ಕಿಗೆ 625 ಕಿಲೋಗ್ರಾಂ ಬಲದಿಂದ ಒತ್ತುತ್ತದೆ. ಇಪ್ಪತ್ತು ಅರುನೂರಿಪ್ಪತ್ತೈದಾಯಿತು!

ಆದರೆ ಪ್ರಕೃತಿ ಏನನ್ನೂ ಪುಕ್ಕಟೆ ಕೊಡುವುದಿಲ್ಲವಷ್ಟೆ. ಬಲದಲ್ಲಿ ಪಡೆದುದನ್ನು ದೂರದಲ್ಲಿ ತೆರಬೇಕು. ಪೆಡಲು 5 ಸೆಂಟಿಮೀಟರು ಇಳಿದರೆ ಮಾಸ್ಟರ್ ಪಿಸ್ಟನ್ನು ಸರಿಯುವುದು 1 ಸೆಂಟಿಮೀಟರು ಮಾತ್ರ. ಅದು ಮುಂದಕ್ಕೆ ನೂಕುವ ದ್ರವ 3.14 ಘನ ಸೆಂಟಿಮೀಟರು. ಪೆಡಲಿನ ಪೂರ್ಣ ಇಳಿತ 12.5 ಸೆಂಟಿಮೀಟರಾದರೆ ನಮ್ಮ ಕೈಯಲ್ಲಿರುವ ದ್ರವದ ಬಂಡವಾಳ ಒಟ್ಟು 7.85 ಘನ ಸೆಂಟಿಮೀಟರು. ಬ್ರೇಕಿನ ಸಕಲ ಅವಶ್ಯಕತೆಗಳೂ ಈ ಒಂದೂವರೆ ಚಮಚ ದ್ರವದಲ್ಲಿಯೇ ತೀರಬೇಕು. ಪೆಡಲಿನ ಗುಣವನ್ನು ಅರಿಯುವುದೆಂದರೆ ಈ ಬಂಡವಾಳ ಎಲ್ಲೆಲ್ಲಿ ವೆಚ್ಚವಾಗುತ್ತದೆಂದು ಲೆಕ್ಕವಿಡುವುದು.

ನ್ಯಾಯವಾದ ವೆಚ್ಚಗಳು

ಪ್ಯಾಡುಗಳಿಗೂ ಡಿಸ್ಕಿಗೂ ನಡುವೆ ಕೂದಲೆಳೆಯಷ್ಟು ಸಂದಿರುತ್ತದೆ. ಕ್ಯಾಲಿಪರಿನ ಪಿಸ್ಟನ್ನು 0.15 ಮಿಲಿಮೀಟರು ಸರಿಯಲು 0.29 ಘನ ಸೆಂಟಿಮೀಟರು ದ್ರವ ಬೇಕು. ಡ್ರಮ್ಮಿನ ಬ್ರೇಕಿನಲ್ಲಿ 2 ಸೆಂಟಿಮೀಟರು ವ್ಯಾಸದ ಎರಡು ಪಿಸ್ಟನ್ನುಗಳು ತಲಾ ಅರ್ಧ ಮಿಲಿಮೀಟರು ಸರಿದರೆ 0.31 ಘನ ಸೆಂಟಿಮೀಟರು. ನಾಲ್ಕು ಚಕ್ರಗಳೂ ಸೇರಿ 1.2 ಘನ ಸೆಂಟಿಮೀಟರು. ಪೆಡಲಿನಲ್ಲಿ ಇದು ಸುಮಾರು 2 ಸೆಂಟಿಮೀಟರಾಗುತ್ತದೆ.

ದ್ರವವೂ ತುಸು ಕುಗ್ಗುತ್ತದೆ. ದ್ರವಗಳು ಕುಗ್ಗುವುದೇ ಇಲ್ಲವೆಂದು ಪಾಠಗಳಲ್ಲಿ ಹೇಳುವುದು ವ್ಯವಹಾರದ ಮಾತು. ಬ್ರೇಕ್ ಆಯಿಲಿನ ಗಾತ್ರ 32 ವಾಯುಮಂಡಲಗಳ ಒತ್ತಡದಲ್ಲಿ ಸಾವಿರಕ್ಕೆ ಸುಮಾರು 2ರಷ್ಟು ಕುಗ್ಗೀತು. ವ್ಯವಸ್ಥೆಯಲ್ಲಿ 200 ಘನ ಸೆಂಟಿಮೀಟರು ದ್ರವವಿದ್ದರೆ ಕುಗ್ಗುವುದು 0.4 ಘನ ಸೆಂಟಿಮೀಟರಿಗೆ ತುಸು ಕಡಮೆ. ಪೆಡಲಿನಲ್ಲಿ ಅರ್ಧ ಸೆಂಟಿಮೀಟರಿಗೆ ತುಸು ಹೆಚ್ಚು. ಚಕ್ರದ ಬಳಿಯ ರಬ್ಬರ್ ಕೊಳವೆಗಳೂ ಸ್ವಲ್ಪ ಉಬ್ಬುತ್ತವೆ. ಆದುದರಿಂದ ಸುಸ್ಥಿತಿಯ ಪೆಡಲು ಕೂಡ ಎರಡೂವರೆ, ಮೂರು ಸೆಂಟಿಮೀಟರು ಇಳಿದೇ ಇಳಿಯುತ್ತದೆ. ಅನಂತರ ಗಟ್ಟಿಯಾಗಿ ನಿಲ್ಲುತ್ತದೆ. ಇದು ಆರೋಗ್ಯದ ಲಕ್ಷಣ.

ಒಂದು ಚಮಚ ಗಾಳಿ

ಕೆಲಸ ಮಾಡುವಾಗ ನಳಿಗೆಯೊಂದನ್ನು ಬಿಚ್ಚಿದರೆ, ಅಥವಾ ಡಬ್ಬಿಯಲ್ಲಿ ದ್ರವ ಬರಿದಾಗಗೊಟ್ಟರೆ, ಗಾಳಿ ಒಳಹೊಗುತ್ತದೆ. ಒಂದು ಟೀ ಚಮಚದಷ್ಟು, ಎಂದರೆ 5 ಘನ ಸೆಂಟಿಮೀಟರು ಗಾಳಿ ಉಳಿದಿದೆಯೆನ್ನೋಣ. ಮೊದಲು ಅದರ ಮೇಲಿರುವುದು ವಾಯುಮಂಡಲದ ಒಂದು ಒತ್ತಡ. ಪೆಡಲಿನಿಂದ ಇನ್ನೊಂದು ಸೇರಿದೊಡನೆ ಒತ್ತಡ ಎರಡರಷ್ಟಾಗಿ ಗುಳ್ಳೆ 2.5ಕ್ಕೆ ಕುಗ್ಗುತ್ತದೆ. ಪೆಡಲು 4 ವಾಯುಮಂಡಲಗಳಷ್ಟು ಒತ್ತಿದಾಗ ಗುಳ್ಳೆಯ ಗಾತ್ರ 1 ಘನ ಸೆಂಟಿಮೀಟರು. 32ರಷ್ಟು ಒತ್ತಿದಾಗ ಐದನ್ನು ಮೂವತ್ತಮೂರರಿಂದ ಭಾಗಿಸಬೇಕು, ಉಳಿಯುವುದು 0.15.

ಇಲ್ಲಿ ಗಮನಿಸತಕ್ಕ ವಿಷಯವೊಂದಿದೆ. ಗುಳ್ಳೆ ಒಟ್ಟು ನುಂಗುವ 4.85 ಘನ ಸೆಂಟಿಮೀಟರುಗಳಲ್ಲಿ 4ನ್ನು ಮೊದಲ 4 ವಾಯುಮಂಡಲಗಳಲ್ಲಿಯೇ ನುಂಗಿಬಿಡುತ್ತದೆ. ಎಂದರೆ ಬ್ರೇಕಿನ ಬಲ ಎಂಟರಲ್ಲೊಂದು ಪಾಲು ಹುಟ್ಟುವ ಹೊತ್ತಿಗೆ ಗುಳ್ಳೆಯೊಂದರಿಂದಲೇ ಪೆಡಲು 6 ಸೆಂಟಿಮೀಟರಿಗೂ ಹೆಚ್ಚು ಇಳಿದಿರುತ್ತದೆ. ಮೊದಲು ಮೆತ್ತಗೆ, ಇಳಿದಂತೆ ಬಿಗಿ. ಕಾಲು ಹಗುರ ಮಾಡಿದರೆ ಸ್ಪ್ರಿಂಗಿನಂತೆ ಮರಳಿ ಮೇಲಕ್ಕೆ. ಸ್ಪಂಜಿನಂತಹ ಪೆಡಲೆಂದು ಮೆಕ್ಯಾನಿಕ್ಕುಗಳು ಹೇಳುವುದು ಇದನ್ನೇ. ಪೂರ್ಣ ಒತ್ತಡಕ್ಕೆ ಗುಳ್ಳೆಗಾಗಿ 7.7 ಸೆಂಟಿಮೀಟರು, ನ್ಯಾಯವಾದ ವೆಚ್ಚಕ್ಕೆ 2.5, ಒಟ್ಟು 10 ಸೆಂಟಿಮೀಟರಿಗೂ ಮೀರಿ ಇಳಿಯಬೇಕು. ಗಾಳಿ 5ರ ಬದಲು 8 ಘನ ಸೆಂಟಿಮೀಟರಿದ್ದರೆ ಬೇಕಾಗುವ ಇಳಿತ ಸುಮಾರು 15 ಸೆಂಟಿಮೀಟರು. ಇರುವುದು ಹನ್ನೆರಡೂವರೆ! ಪೆಡಲು ನೆಲವನ್ನು ಮುಟ್ಟುತ್ತದೆ, ಒತ್ತಡ ಮಾತ್ರ ಹುಟ್ಟುವುದಿಲ್ಲ.

ಪಂಪು ಮಾಡಿ ನೋಡುವ ಪರೀಕ್ಷೆ

ಪೆಡಲು ತೀರ ಕೆಳಗಿಳಿಯುವುದಕ್ಕೆ ಗಾಳಿಯೊಂದೇ ಕಾರಣವಲ್ಲ. ಹಿಂದಿನ ಡ್ರಮ್ಮಿನೊಳಗಿನ ಬ್ರೇಕು ಶೂಗಳನ್ನು ಸರಿಯಾಗಿ ಹೊಂದಿಸದೆ ಸಂದಿ ಹೆಚ್ಚು ಬಿಟ್ಟಿದ್ದರೂ ದ್ರವದ ಬಂಡವಾಳ ಆ ಸಂದಿಯನ್ನು ತುಂಬುವುದರಲ್ಲಿಯೇ ಕರಗುತ್ತದೆ. ಎರಡನ್ನೂ ಬೇರ್ಪಡಿಸುವುದು ಹೇಗೆ?

ಗಾಡಿ ನಿಂತಿರುವಾಗ ಪೆಡಲನ್ನು ಬೇಗಬೇಗ ಮೂರು ನಾಲ್ಕು ಬಾರಿ ತುಳಿದು ಬಿಟ್ಟು, ಕೊನೆಯ ಬಾರಿ ಒತ್ತಿ ಹಿಡಿಯಬೇಕು. ಪೆಡಲು ಮೇಲೇಳುವಾಗ ಮಾಸ್ಟರ್ ಪಿಸ್ಟನ್ನು ಸ್ಪ್ರಿಂಗಿನ ಬಲದಿಂದ ಥಟ್ಟನೆ ಹಿಂದೆ ಬರುತ್ತದೆ; ನಳಿಗೆಗಳಲ್ಲಿರುವ ದ್ರವ ಅಷ್ಟು ಬೇಗ ಮರಳಲಾರದು. ಆ ಕ್ಷಣದಲ್ಲಿ ಡಬ್ಬಿಯ ದ್ರವ ಕಪ್ಪಿನ ಅಂಚನ್ನು ಬಗ್ಗಿಸಿಕೊಂಡು ಮುಂದಕ್ಕೆ ನುಗ್ಗುತ್ತದೆ. ಹೀಗೆ ಪ್ರತಿ ಸಲವೂ ಬಂಡವಾಳಕ್ಕೆ ಹೊಸ ದ್ರವ ಸೇರುತ್ತದೆ. ಸ್ವಲ್ಪ ಹೊತ್ತು ಸುಮ್ಮನಿದ್ದರೆ ಹೆಚ್ಚಿನ ದ್ರವ ಸಣ್ಣ ರಂಧ್ರದ ಮೂಲಕ ಡಬ್ಬಿಗೆ ಮರಳಿ, ಪೆಡಲು ಪುನಃ ಕೆಳಗಾಗುತ್ತದೆ.

ಪಂಪು ಮಾಡಿದ ಮೇಲೆ ಪೆಡಲು ಎತ್ತರಕ್ಕೆ ಬಂದು ಕಲ್ಲಿನಂತೆ ಗಟ್ಟಿಯಾಗಿ ನಿಂತರೆ ದೋಷವಿರುವುದು ಸಂದಿಯಲ್ಲಿ: ಶೂಗಳನ್ನು ಹೊಂದಿಸಬೇಕು. ಎತ್ತರಕ್ಕೆ ಬಂದರೂ ಸ್ಪ್ರಿಂಗಿನಂತೆ ಮಿಡುಕುತ್ತಿದ್ದರೆ ಒಳಗೆ ಗಾಳಿಯಿದೆ. ಏಕೆಂದರೆ ಪಂಪು ಮಾಡುವುದರಿಂದ ಸಂದಿ ತುಂಬೀತೇ ಹೊರತು ಗಾಳಿ ಹೊರಗೆ ಹೋಗುವುದಿಲ್ಲ. ಎಷ್ಟು ಪಂಪು ಮಾಡಿದರೂ ಪೆಡಲು ಏಳದಿದ್ದರೆ ಗಾಳಿ ಬಹಳವಿದೆ, ಇಲ್ಲವೆ ಮಾಸ್ಟರ್ ಸಿಲಿಂಡರಿನಲ್ಲಿಯೇ ದೋಷವಿದೆ ಎಂದು ತಿಳಿಯಬೇಕು.

ಹೊಸ ಪ್ಯಾಡುಗಳನ್ನು ಹಾಕಿದವರು ಅವಶ್ಯವಾಗಿ ನೆನಪಿಡಬೇಕಾದ ಮಾತು ಇಲ್ಲಿಯೇ ಬರುತ್ತದೆ. ಹೊಸ ಪ್ಯಾಡು ದಪ್ಪ; ಅದಕ್ಕೆ ಜಾಗ ಮಾಡಲು ಕ್ಯಾಲಿಪರಿನ ಪಿಸ್ಟನ್ನನ್ನು ಒಳಕ್ಕೆ ದಬ್ಬಿರುತ್ತೇವೆ. ದಬ್ಬಿದ್ದು ಅಗತ್ಯಕ್ಕಿಂತ 1 ಸೆಂಟಿಮೀಟರು ಹೆಚ್ಚಾಗಿದ್ದರೆ ಒಂದೊಂದು ಚಕ್ರಕ್ಕೂ 19.6, ಎರಡಕ್ಕೂ ಸೇರಿ 39.2 ಘನ ಸೆಂಟಿಮೀಟರು ದ್ರವ ಮರಳಿ ಬರಬೇಕು. ಒಂದು ತುಳಿತಕ್ಕೆ ಸಿಗುವುದು 7.85. ಪೂರ್ಣವಾಗಿ ಐದು ಬಾರಿ ತುಳಿದ ಮೇಲೆಯೇ ಪ್ಯಾಡು ಡಿಸ್ಕನ್ನು ಮುಟ್ಟುತ್ತದೆ! ಈ ತುಳಿತಗಳನ್ನು ಗಾಡಿ ನಿಂತಿರುವಾಗಲೇ ಮುಗಿಸಬೇಕು. ಮುಗಿಸದೆ ಗಾಡಿಯನ್ನು ಹಿಂದಕ್ಕೆ ತೆಗೆದು ರಸ್ತೆಗಿಳಿಸಿದವನಿಗೆ ಮೊದಲ ನಾಲ್ಕು ತುಳಿತಗಳಲ್ಲಿ ಬ್ರೇಕೇ ಇರುವುದಿಲ್ಲ. ಕೆಲಸದಲ್ಲಿ ಯಾವ ತಪ್ಪೂ ಇಲ್ಲದೆ ಅಪಘಾತವಾಗುವ ಸಂಭವ ಇದು.

ಗಾಳಿಯನ್ನು ಹೊರಕ್ಕೆ ಬಿಡುವುದು

ಪ್ರತಿ ಚಕ್ರದ ಸಿಲಿಂಡರಿನ ಅತ್ಯಂತ ಮೇಲಿನ ಭಾಗದಲ್ಲಿ ಬ್ಲೀಡರ್ ನಿಪ್ಪಲ್ ಎಂಬ ಟೊಳ್ಳು ತಿರುಪು ಇದೆ. ಮೇಲೆ ಏಕೆ? ಗುಳ್ಳೆಗಳು ದ್ರವದಲ್ಲಿ ಮೇಲೇರುತ್ತವೆ, ಆರ್ಕಿಮಿಡೀಸನ ತತ್ತ್ವ. ಎಡ ಬಲಗಳ ಕ್ಯಾಲಿಪರುಗಳನ್ನು ಅದಲುಬದಲು ಮಾಡಿ ಜೋಡಿಸಿದರೆ ಅನೇಕ ಗಾಡಿಗಳಲ್ಲಿ ಅವು ಸರಿಯಾಗಿಯೇ ಕೂರುತ್ತವೆ; ಆದರೆ ನಿಪ್ಪಲ್ ಕೆಳಕ್ಕೆ ಬರುತ್ತದೆ. ಆಗ ಲೀಟರುಗಟ್ಟಲೆ ದ್ರವ ಹರಿಸಿದರೂ ಮೇಲೆ ಸೇರಿಕೊಂಡ ಗಾಳಿ ಕದಲುವುದಿಲ್ಲ. ಎಷ್ಟು ಗಾಳಿ ತೆಗೆದರೂ ಪೆಡಲು ಮೆತ್ತಗೇ ಉಳಿದಿದ್ದರೆ ಮೊದಲು ನಿಪ್ಪಲಿನ ಸ್ಥಾನವನ್ನು ನೋಡಬೇಕು.

ಈ ಕೆಲಸಕ್ಕೆ ಇಬ್ಬರು ಬೇಕು. ನಿಪ್ಪಲಿಗೆ ಪಾರದರ್ಶಕ ಕೊಳವೆ ತೊಡಿಸಿ, ಅದರ ಇನ್ನೊಂದು ತುದಿಯನ್ನು ಸ್ವಲ್ಪ ಬ್ರೇಕ್ ಆಯಿಲಿರುವ ಸೀಸೆಯಲ್ಲಿ ಮುಳುಗಿಸಬೇಕು. ಒಬ್ಬರು ಪೆಡಲನ್ನು ನಿಧಾನವಾಗಿ ಒತ್ತಿ ಹಿಡಿದಾಗ ಇನ್ನೊಬ್ಬರು ನಿಪ್ಪಲನ್ನು ಸಡಿಲಿಸಬೇಕು. ಅದನ್ನು ಮತ್ತೆ ಬಿಗಿದ ಮೇಲೆಯೇ ಪೆಡಲನ್ನು ಬಿಡತಕ್ಕದ್ದು. ಕ್ರಮ ತಪ್ಪಿದರೆ ಹೊರಗಿನ ಗಾಳಿ ಒಳಕ್ಕೆ ಎಳೆದುಕೊಳ್ಳುತ್ತದೆ. ಡಬ್ಬಿಯಲ್ಲಿ ದ್ರವದ ಮಟ್ಟ ಇಳಿಯಗೊಡಬಾರದು. ಯಾವ ಚಕ್ರದಿಂದ ಆರಂಭಿಸಬೇಕೆಂಬುದು ಗಾಡಿಯಿಂದ ಗಾಡಿಗೆ ಬೇರೆ. ತಯಾರಕರ ಪುಸ್ತಕವೇ ಅದಕ್ಕೆ ಪ್ರಮಾಣ. ಚಕ್ರಗಳು ಜಾರದಂತೆ ತಡೆಯುವ ಎಬಿಎಸ್ ವ್ಯವಸ್ಥೆ ಇರುವ ಗಾಡಿಗಳಲ್ಲಿ ಗಾಳಿ ಅದರ ಕವಾಟಗಳೊಳಗೆ ಸಿಕ್ಕಿಕೊಂಡರೆ, ಕವಾಟಗಳನ್ನು ತೆರೆಯಿಸಬಲ್ಲ ವಿದ್ಯುನ್ಮಾನ ಉಪಕರಣವಿಲ್ಲದೆ ಅದು ಹೊರಬರುವುದು ಕಷ್ಟ. ಅಂಥ ಸಂದರ್ಭದಲ್ಲಿ ಗ್ಯಾರೇಜಿನ ಮೊರೆ ಹೋಗುವುದೇ ಸರಿ.

ನಿಧಾನವಾಗಿ ಮುಳುಗುವ ಪೆಡಲು

ಎಂಜಿನ್ನು ನಿಲ್ಲಿಸಿ, ಪೆಡಲನ್ನು ಸಮಬಲದಿಂದ ಒಂದು ನಿಮಿಷ ಒತ್ತಿ ಹಿಡಿಯೋಣ. ಅದು ಮೊದಲು ಗಟ್ಟಿಯಾಗಿ ನಿಂತು, ಅನಂತರ ಮೆಲ್ಲಮೆಲ್ಲನೆ ನೆಲದ ಕಡೆಗೆ ಮುಳುಗಿದರೆ ಗಾಳಿಯನ್ನು ದೂರಬೇಕಾಗಿಲ್ಲ. ಗುಳ್ಳೆ ಕುಗ್ಗುವುದು ಒತ್ತಿದ ಕ್ಷಣದಲ್ಲಿ. ಒತ್ತಡ ಸ್ಥಿರವಾಗಿದ್ದರೆ ಅದರ ಗಾತ್ರವೂ ಸ್ಥಿರ. ಹೊತ್ತು ಕಳೆದಂತೆ ಇಳಿಯುವ ಪೆಡಲು ಸೋರುವಿಕೆಯನ್ನು ಸೂಚಿಸುತ್ತದೆ.

ಸೋರುವುದು ಎರಡು ವಿಧ. ಡಬ್ಬಿಯ ಮಟ್ಟ ಕುಗ್ಗುತ್ತಿದ್ದರೆ ದ್ರವ ಹೊರಗೆ ಹೋಗುತ್ತಿದೆ: ಸರಿಯಾಗಿ ಬಿಗಿಯದ ನಿಪ್ಪಲ್, ನಳಿಗೆಯ ಸಂಧಿಯಲ್ಲಿ ಮರೆತ ಅಥವಾ ಹಳೆಯದನ್ನೇ ಹಾಕಿದ ತಾಮ್ರದ ವಾಷರು, ಚಕ್ರದ ಸಿಲಿಂಡರಿನ ರಬ್ಬರು, ಇವನ್ನು ಪರೀಕ್ಷಿಸಬೇಕು. ಚಕ್ರದ ಒಳಮೈಯ ತೇವವೇ ಗುರುತು. ಮಟ್ಟ ಕುಗ್ಗದೆ ಪೆಡಲು ಮುಳುಗುತ್ತಿದ್ದರೆ ಮಾಸ್ಟರ್ ಸಿಲಿಂಡರಿನ ಕಪ್ಪನ್ನು ದಾಟಿ ದ್ರವ ಹಿಂದಕ್ಕೆ, ಡಬ್ಬಿಗೆ ಮರಳುತ್ತಿದೆ ಎಂದೇ ಊಹಿಸಬೇಕು.

ರಿಪೇರಿಗೆ ಮೊದಲು ಸರಿಯಿದ್ದ ಕಪ್ಪು ರಿಪೇರಿಯ ದಿನವೇ ಕೆಡಲು ಕಾರಣವೇನು? ನಿತ್ಯದ ಓಡಾಟದಲ್ಲಿ ಪಿಸ್ಟನ್ನು ಸಿಲಿಂಡರಿನ ಮೊದಲ ಒಂದು ಭಾಗದಲ್ಲಿ ಮಾತ್ರ ಸರಿದಾಡುತ್ತದೆ. ಆಚೆಯ ಭಾಗದಲ್ಲಿ ವರ್ಷಗಟ್ಟಲೆ ಕೊಳೆ, ತುಕ್ಕು ಸೇರಿರಬಹುದು. ಗಾಳಿ ತೆಗೆಯುವಾಗ ಪೆಡಲನ್ನು ನೆಲದವರೆಗೆ ತುಳಿದರೆ ಕಪ್ಪು ಆ ಒರಟು ಮೈಯ ಮೇಲೆ ಹಾದು ಅದರ ಅಂಚು ಗೀರಿಹೋಗುತ್ತದೆ. ಪೆಡಲಿನ ಕೆಳಗೆ ಒಂದು ಮರದ ತುಂಡನ್ನಿಟ್ಟು ಅದರ ಇಳಿತವನ್ನು ತಡೆದರೆ ಈ ತೊಂದರೆ ಒದಗದು. ಖನಿಜ ತೈಲದಿಂದಲೂ ಕಪ್ಪು ಹಾಳಾಗುತ್ತದೆ. ಬ್ರೇಕ್ ಆಯಿಲೆಂಬ ಹೆಸರಿದ್ದರೂ ಅದು ಸಾಮಾನ್ಯವಾಗಿ ಗ್ಲೈಕಾಲ್ ಜಾತಿಯ ದ್ರವ. ಎಂಜಿನ್ ಆಯಿಲನ್ನು ಅದರ ಬದಲು ಹಾಕಿದರೆ ಬ್ರೇಕಿನ ರಬ್ಬರುಗಳು ಊದಿಕೊಂಡು ಕೆಡುತ್ತವೆ.

ಕಲ್ಲಿನಂತಹ ಪೆಡಲು

ಗಟ್ಟಿ ಪೆಡಲು ಒಳ್ಳೆಯ ಪೆಡಲೆಂಬ ನಂಬಿಕೆ ಎಲ್ಲ ಕಾಲಕ್ಕೂ ನಿಜವಲ್ಲ. ನಮ್ಮ ಲೆಕ್ಕದಲ್ಲಿ ಬಿಟ್ಟಿದ್ದ ಬೂಸ್ಟರನ್ನು ಈಗ ನೆನೆಯೋಣ. ಅದು ಮಾಸ್ಟರ್ ಸಿಲಿಂಡರಿನ ಹಿಂದಿರುವ ದೊಡ್ಡ ತಗಡಿನ ಡಬ್ಬ. ನಡುವೆ ರಬ್ಬರಿನ ಪೊರೆ. ಪೆಟ್ರೋಲ್ ಎಂಜಿನ್ನು ತನ್ನ ಹೀರುವ ನಳಿಗೆಯ ಮೂಲಕ ಪೊರೆಯ ಎರಡು ಕಡೆಗಳಿಂದಲೂ ಗಾಳಿಯನ್ನು ಸೆಳೆದಿರುತ್ತದೆ. ಡೀಸೆಲ್ ಗಾಡಿಯಲ್ಲಿ ಅದಕ್ಕೆ ಬೇರೆ ಪಂಪು ಇದೆ. ಪೆಡಲು ಒತ್ತಿದಾಗ ಒಂದು ಕಡೆಗೆ ಹೊರಗಾಳಿ ನುಗ್ಗುತ್ತದೆ. ಪೊರೆಯ ವ್ಯಾಸ 20 ಸೆಂಟಿಮೀಟರು, ಒತ್ತಡದ ವ್ಯತ್ಯಾಸ ಚದರ ಸೆಂಟಿಮೀಟರಿಗೆ 0.6 ಕಿಲೋಗ್ರಾಂ ಆದರೆ ಸಿಗುವ ನೆರವು ಸುಮಾರು 190 ಕಿಲೋಗ್ರಾಂ! ಕೆಲಸದ ನಡುವೆ ಈ ನಿರ್ವಾತದ ಕೊಳವೆ ಕಳಚಿದ್ದರೆ ಪೆಡಲು ಎತ್ತರದಲ್ಲಿಯೇ ಗಟ್ಟಿಯಾಗಿ ನಿಲ್ಲುತ್ತದೆ, ಗಾಡಿ ಮಾತ್ರ ನಿಲ್ಲುವುದಿಲ್ಲ.

ಪರೀಕ್ಷೆ ಸುಲಭ. ಎಂಜಿನ್ನು ನಿಲ್ಲಿಸಿ ಐದಾರು ಬಾರಿ ತುಳಿದು ನಿರ್ವಾತವನ್ನು ಕಳೆಯಬೇಕು. ಪೆಡಲನ್ನು ಒತ್ತಿ ಹಿಡಿದು ಎಂಜಿನ್ನನ್ನು ಚಾಲೂ ಮಾಡಿದಾಗ ಅದು ಕಾಲಿನ ಕೆಳಗೆ ತುಸು ಇಳಿಯಬೇಕು. ಇಳಿಯದಿದ್ದರೆ ಬೂಸ್ಟರು ಕೆಲಸ ಮಾಡುತ್ತಿಲ್ಲ. ಈ ಇಳಿತವನ್ನು ಕಂಡು ಪೆಡಲು ಮುಳುಗಿತೆಂದು ಗಾಬರಿಗೊಳ್ಳುವವರುಂಟು. ಅದು ದೋಷವಲ್ಲ, ಗುಣ.

ಪೆಡಲೂ ಗಟ್ಟಿ, ಬೂಸ್ಟರೂ ಸರಿ, ಆದರೂ ಗಾಡಿ ನಿಲ್ಲದಿದ್ದರೆ ಪ್ಯಾಡಿನ ಮೇಲೆ ಗ್ರೀಸೋ ಆಯಿಲೋ ಬಿದ್ದಿರಬಹುದು. ಒತ್ತುವ ಬಲ ಎಷ್ಟಿದ್ದರೇನು, ಘರ್ಷಣೆಯೇ ಇಲ್ಲದ ಮೇಲೆ? ಹೊಸ ಪ್ಯಾಡುಗಳೂ ಡಿಸ್ಕಿನ ಮೈಗೆ ಪೂರ್ಣವಾಗಿ ಹೊಂದಿಕೊಳ್ಳುವವರೆಗೆ ತಕ್ಕಷ್ಟು ಹಿಡಿಯುವುದಿಲ್ಲ.

ಬ್ರೇಕು ಹಾಕಿದಾಗ ಪೆಡಲು ಚಕ್ರದ ಸುತ್ತಿಗೆ ತಕ್ಕಂತೆ ಮಿಡಿದರೆ ಡಿಸ್ಕು ಓರೆಯಾಗಿ ಕುಳಿತಿದೆ, ಇಲ್ಲವೆ ಅದರ ದಪ್ಪ ಎಲ್ಲೆಡೆ ಒಂದೇ ಸಮನಾಗಿಲ್ಲ. ಹೊಸ ಡಿಸ್ಕು ಹಾಕುವಾಗ ಹಬ್ಬಿನ ಮೇಲಿನ ತುಕ್ಕನ್ನು ಉಜ್ಜಿ ತೆಗೆಯದಿದ್ದರೆ ಅಷ್ಟೇ ಸಾಕು. ಜಾರುವ ನೆಲದಲ್ಲಿ ಎಬಿಎಸ್ ಕೆಲಸ ಮಾಡುವಾಗ ಆಗುವ ಮಿಡಿತ ಬೇರೆ, ಅದು ಸಹಜ.

ಕಾದ ದ್ರವದ ಅಪಾಯ

ಅಂಗಳದಲ್ಲಿ ಸರಿಯೆನಿಸಿದ ಪೆಡಲು ಘಟ್ಟದಲ್ಲಿ ಕೈಕೊಡುವುದುಂಟು. 1000 ಕಿಲೋಗ್ರಾಂ ತೂಕದ ಕಾರು ಆಗುಂಬೆಯಂಥ ಘಟ್ಟದಲ್ಲಿ 500 ಮೀಟರು ಎತ್ತರ ಇಳಿಯಿತೆನ್ನೋಣ. ಅದು ಕಳೆದುಕೊಳ್ಳುವ ಶಕ್ತಿ 49 ಲಕ್ಷ ಜೂಲುಗಳು. ಇಷ್ಟು ಶಕ್ತಿಯಿಂದ 15 ಲೀಟರಿಗೂ ಹೆಚ್ಚು ತಣ್ಣೀರನ್ನು ಕುದಿಬಿಂದುವಿಗೆ ಏರಿಸಬಹುದು. ಗಾಡಿಯನ್ನು ಬ್ರೇಕಿನಿಂದಲೇ ಹಿಡಿದು ಇಳಿಸಿದರೆ ಈ ಉಷ್ಣದ ಬಹುಭಾಗ ಡಿಸ್ಕು, ಡ್ರಮ್ಮುಗಳನ್ನು ಸೇರಿ, ಅಲ್ಲಿಂದ ದ್ರವಕ್ಕೂ ಹರಿಯುತ್ತದೆ.

ಡಾಟ್ 3 ಎಂಬ ದರ್ಜೆಯ ಹೊಸ ದ್ರವದ ಕುದಿಬಿಂದು ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ಇರಬೇಕೆಂದು ನಿಯಮ; ಡಾಟ್ 4 ದರ್ಜೆಯದು 230. ಆದರೆ ಈ ದ್ರವಗಳು ಗಾಳಿಯಲ್ಲಿರುವ ತೇವವನ್ನು ಹೀರಿಕೊಳ್ಳುತ್ತವೆ. ನೂರಕ್ಕೆ ಸುಮಾರು 4ರಷ್ಟು ನೀರು ಸೇರಿದಾಗ ಅವು ಮುಟ್ಟಲೇಬೇಕಾದ ಕನಿಷ್ಠ ಮಿತಿ ಅನುಕ್ರಮವಾಗಿ 140 ಮತ್ತು 155 ಡಿಗ್ರಿ ಮಾತ್ರ. ಕಳೆದ ಮಳೆಗಾಲದಲ್ಲಿ ತೆರೆದಿಟ್ಟ ಸೀಸೆಯ ದ್ರವವನ್ನೋ, ನಿಪ್ಪಲಿನಿಂದ ಹೊರಬಂದದ್ದನ್ನೋ ಉಳಿತಾಯಕ್ಕೆಂದು ಮತ್ತೆ ತುಂಬಿದರೆ ತಣ್ಣಗಿರುವಾಗ ಪೆಡಲು ಗಟ್ಟಿಯಾಗಿಯೇ ಇದ್ದೀತು. ಘಟ್ಟದ ನಡುವೆ ದ್ರವ ಕುದಿದು ಆವಿಯ ಗುಳ್ಳೆಗಳೆದ್ದರೆ ಪೆಡಲು ಒಮ್ಮೆಗೇ ನೆಲ ಮುಟ್ಟುತ್ತದೆ. ಆದುದರಿಂದ ಮೊಹರು ಒಡೆಯದ ಸೀಸೆಯ ದ್ರವವನ್ನೇ ಬಳಸಬೇಕು. ಇಳಿಜಾರಿನಲ್ಲಿ ಕೆಳಗಿನ ಗೇರಿನಲ್ಲಿದ್ದು ಎಂಜಿನ್ನಿನ ತಡೆಯಿಂದಲೇ ವೇಗವನ್ನು ಹಿಡಿಯಬೇಕು.

ಇದಕ್ಕೆ ವಿರುದ್ಧವಾದ ದೋಷವೂ ಒಂದಿದೆ. ಮಾಸ್ಟರ್ ಸಿಲಿಂಡರನ್ನು ಬದಲಾಯಿಸಿದಾಗ ದಬ್ಬುಸರಳಿಗೆ ತುಸುವೂ ಸಡಿಲು ಬಿಡದಿದ್ದರೆ ಪಿಸ್ಟನ್ನು ಪೂರ್ಣ ಹಿಂದೆ ಬರಲಾರದು. ಸಣ್ಣ ರಂಧ್ರ ಮುಚ್ಚಿಯೇ ಇರುತ್ತದೆ. ಗಾಡಿ ಓಡಿದಂತೆ ದ್ರವ ಕಾದು ಹಿಗ್ಗುತ್ತದೆ. ಡಬ್ಬಿಗೆ ಹೋಗಲು ದಾರಿಯಿಲ್ಲದೆ ಪ್ಯಾಡುಗಳನ್ನೇ ಒತ್ತುತ್ತದೆ. ಅದರಿಂದ ಇನ್ನಷ್ಟು ಉಷ್ಣ. ಪೆಡಲು ಬರಬರುತ್ತ ಎತ್ತರವಾಗಿ ಗಟ್ಟಿಯಾಗುವುದೂ ಚಕ್ರಗಳು ಬಿಗಿದು ವಾಸನೆ ಬರುವುದೂ ಇದರ ಲಕ್ಷಣಗಳು.

ಮನೆಯಲ್ಲಿ ಮಾಡಬಹುದಾದ ಪ್ರಯೋಗ

ಸೂಜಿಯಿಲ್ಲದ ಎರಡು ಪ್ಲಾಸ್ಟಿಕ್ ಸಿರಿಂಜುಗಳನ್ನು, ಒಂದು 5 ಮಿಲಿಲೀಟರಿನದು, ಇನ್ನೊಂದು 20ರದು, ಗಿಡ್ಡ ಕೊಳವೆಯಿಂದ ಜೋಡಿಸಿ, ನೀರಿನೊಳಗೆ ಮುಳುಗಿಸಿಯೇ ಎರಡನ್ನೂ ಗುಳ್ಳೆಯಿಲ್ಲದಂತೆ ತುಂಬಬೇಕು. ಚಿಕ್ಕದನ್ನು ಹೆಬ್ಬೆರಳಿನಿಂದ ಒತ್ತಿ, ದೊಡ್ಡದನ್ನು ಗೆಳೆಯನೊಬ್ಬ ಅಂಗೈಯಿಂದ ತಡೆಯಲಿ, ಅವನೇ ಸೋಲುತ್ತಾನೆ. ಈಗ 2 ಮಿಲಿಲೀಟರು ಗಾಳಿಯನ್ನು ಒಳಬಿಟ್ಟು ಮತ್ತೆ ಒತ್ತಿದರೆ ಹೆಬ್ಬೆರಳು ಇಳಿಯುತ್ತದೆ, ಗೆಳೆಯನ ಅಂಗೈಗೆ ಮೊದಲಿನ ಒತ್ತು ಬರುವುದು ಬಹಳ ತಡವಾಗಿ. ಬ್ರೇಕಿನ ಪೆಡಲಿನ ರೋಗವನ್ನು ಹೀಗೆ ಬೆರಳ ತುದಿಯಲ್ಲಿಯೇ ಅರಿಯಬಹುದು.

ರಸ್ತೆಗಿಳಿಯುವ ಮುನ್ನ

ರಿಪೇರಿಯಾದ ಮೇಲೆ ಮೊದಲು ಡಬ್ಬಿಯ ಮಟ್ಟವನ್ನು ನೋಡಿ, ಗಾಡಿ ನಿಂತಿರುವಾಗಲೇ ಪೆಡಲು ಗಟ್ಟಿಯಾಗುವವರೆಗೆ ತುಳಿಯಬೇಕು. ಒಂದು ನಿಮಿಷ ಬಲವಾಗಿ ಒತ್ತಿ ಹಿಡಿದು, ಇಳಿದು ನಾಲ್ಕು ಚಕ್ರಗಳ ಬಳಿಯೂ ಬಗ್ಗಿ ನೋಡಬೇಕು. ಸಮತಟ್ಟಾದ, ಜನರಿಲ್ಲದ ಜಾಗದಲ್ಲಿ, ಕೈಬ್ರೇಕಿನ ಮೇಲೆ ಕೈಯಿಟ್ಟು, ನಡಿಗೆಯ ವೇಗದಲ್ಲಿ ಎರಡು ಮೂರು ಬಾರಿ ನಿಲ್ಲಿಸಿ ನೋಡಬೇಕು. ಪೆಡಲಿನ ವರ್ತನೆಗೆ ಕಾರಣ ತಿಳಿಯದೆ ಉಳಿದರೆ, ನೆರೆಯವರು ಪರವಾಗಿಲ್ಲವೆಂದರೂ, ಗಾಡಿಯನ್ನು ಅಲ್ಲಿಯೇ ಬಿಟ್ಟು ಬಲ್ಲ ಮೆಕ್ಯಾನಿಕ್ಕನ್ನು ಕರೆಸತಕ್ಕದ್ದು.

ವಿದ್ಯಾರ್ಥಿಗಳಿಗೆ ಅಭ್ಯಾಸ

1. ನಮ್ಮ ಲೆಕ್ಕದ ಗಾಡಿಗೆ 2 ಸೆಂಟಿಮೀಟರಿನ ಬದಲು 2.5 ಸೆಂಟಿಮೀಟರು ವ್ಯಾಸದ ಮಾಸ್ಟರ್ ಸಿಲಿಂಡರನ್ನು ಹಾಕಿದರೆ, ಅದೇ ಕಾಲಿನ ಬಲಕ್ಕೆ ಒತ್ತಡ ಎಷ್ಟಾಗುತ್ತದೆ? ಪೆಡಲು ಕಾಲಿಗೆ ಹೇಗೆನಿಸುತ್ತದೆ?

2. ನಳಿಗೆಯಲ್ಲಿ 2 ಘನ ಸೆಂಟಿಮೀಟರು ಗಾಳಿ ಉಳಿದಿದ್ದರೆ, 32 ವಾಯುಮಂಡಲಗಳ ಒತ್ತಡಕ್ಕೆ ಪೆಡಲು ಎಷ್ಟು ಹೆಚ್ಚಾಗಿ ಇಳಿಯಬೇಕು?

3. ಒತ್ತಿ ಹಿಡಿದ ಪೆಡಲು ಹೊತ್ತು ಕಳೆದಂತೆ ಇಳಿದರೆ ಗಾಳಿ ಅದಕ್ಕೆ ಕಾರಣವಲ್ಲವೇಕೆ?

ಉತ್ತರಗಳು: 1. ಚದರ ಸೆಂಟಿಮೀಟರಿಗೆ ಸುಮಾರು 20 ಕಿಲೋಗ್ರಾಂ. ಪೆಡಲು ಕಡಮೆ ಇಳಿದು ಹೆಚ್ಚು ಗಟ್ಟಿಯೆನಿಸುತ್ತದೆ, ಆದರೆ ಬ್ರೇಕು ದುರ್ಬಲವಾಗಿರುತ್ತದೆ. 2. ಸುಮಾರು 3.1 ಸೆಂಟಿಮೀಟರು. 3. ಸ್ಥಿರ ಒತ್ತಡದಲ್ಲಿ, ಉಷ್ಣತೆ ಬದಲಾಗದಿದ್ದರೆ, ಗಾಳಿಯ ಗಾತ್ರ ಸ್ಥಿರವಾಗಿರುತ್ತದೆ.